ಏಳನೇ ಬದುವಿನ ಕೋಡಿ

ಮಣ್ಣು ಸಂರಕ್ಷಣಾ ಕಚೇರಿಯವರಿಗೆ ಮಣ್ಣು ಕಂಡರೆ ಆಗುತ್ತಿರಲಿಲ್ಲ. ಬಾಗಿಲಲ್ಲಿ ಕಾಲೊರಸು, ಅದರ ಪಕ್ಕ 'ಪಾದರಕ್ಷೆ ಹೊರಗೆ ಬಿಡಿ' ಎಂಬ ಫಲಕ, ಒಳಗೆ ಹಾಲುಬಣ್ಣದ ನುಣುಪು ನೆಲ. ಕಲ್ಲಕ್ಕನಿಗೆ ಬಿಡಲು ಪಾದರಕ್ಷೆಯೇ ಇರಲಿಲ್ಲ. ಬರಿಗಾಲಲ್ಲಿ ಐದು ಹೆಜ್ಜೆ ಒಳಗೆ ಬಂದಳು. ಐದೂ ನೆಲದ ಮೇಲೆ ಕೆಂಪಗೆ ಕೂತವು.

"ಏಯ್, ನಿಲ್ಲು ಅಲ್ಲೇ!" ಎಂದ ಗುಮಾಸ್ತ.

ನಿಂತಳು.

"ಏನಿದು?"

"ಮಣ್ಣು ಸಾರ್."

"ಮಣ್ಣು ಅಂತ ನನಗೂ ಕಾಣುತ್ತೆ. ಬಾಗಿಲ ಹಿಂದೆ ಬಟ್ಟೆ ಇದೆ. ಒರೆಸು."

ಬೆಂಚಿನ ಮೇಲೆ ನಾಲ್ಕು ಜನ ಗಂಡಸರು ಕೂತಿದ್ದರು. ಅವರ ಚಪ್ಪಲಿ ಕಾಲಲ್ಲೇ ಇತ್ತು, ಚಪ್ಪಲಿಗೆ ಮಣ್ಣೂ ಇತ್ತು. ಅವರ ಮಣ್ಣು ಊರೊಳಗಿನ ಮಣ್ಣು, ನಡೆಯುತ್ತದೆ. ಇವಳದು ಕಲ್ಲುಕೇರಿಯ ಮಣ್ಣು. ಊರಾಚೆ, ಕಲ್ಲು ತೆಗೆದು ತೆಗೆದು ಬಾಯಿಬಿಟ್ಟ ಹಳ್ಳದ ಅಂಚಿನಲ್ಲಿ ಆ ಕೇರಿ. ಅಲ್ಲಿನವರನ್ನು ಗುರುತು ಹಿಡಿಯಲು ಮುಖ ನೋಡಬೇಕಿಲ್ಲ, ಉಗುರು ನೋಡಿದರೆ ಸಾಕು. ಕಲ್ಲಕ್ಕ ಕುಕ್ಕುರುಗಾಲಲ್ಲಿ ಕೂತು ಒರೆಸಿದಳು. ಒರೆಸುತ್ತ ಹಿಂದೆ ಸರಿದಾಗ ಮತ್ತೆ ಹೆಜ್ಜೆ ಮೂಡಿತು. ಬೆಂಚಿನಲ್ಲಿದ್ದವನೊಬ್ಬ ನಕ್ಕ. ಅದನ್ನೂ ಒರೆಸಿದಳು. ನಗುವನ್ನು ಒರೆಸುವ ಬಟ್ಟೆ ಕಚೇರಿಯಲ್ಲಿ ಇರಲಿಲ್ಲ.

ಅವಳಿಗೆ ಬೇಕಾಗಿದ್ದದ್ದು ಒಂದು ಕೋಡಿ.

ಕೇರಿಯವರಿಗೆ ಭೂಮಿ ಹಂಚಿದಾಗ ಸರ್ಕಾರ ಕೊಟ್ಟದ್ದು ಗುಡ್ಡದ ಬೆನ್ನು. ಮೇಕೆಯೂ ಕಾಲು ಜಾರುವಂಥ ಇಳಿಜಾರು. ಕೊಟ್ಟವರಿಗೂ ಅದು ಗೊತ್ತಿತ್ತು, ಈಸಿಕೊಂಡವರಿಗೂ ಗೊತ್ತಿತ್ತು. ಉಳಿದವರು ಕಾಗದ ಮಡಚಿ ಪೆಟ್ಟಿಗೆಯಲ್ಲಿಟ್ಟು ಸುಮ್ಮನಾದರು. ಕಲ್ಲಕ್ಕ ಮತ್ತು ಅವಳ ಗಂಡ ಹಾರೆ ಎತ್ತಿಕೊಂಡರು. ಮಳೆಗೆ ಮಣ್ಣು ಕೊಚ್ಚಿಹೋಗದಂತೆ ಇಳಿಜಾರಿಗೆ ಅಡ್ಡಡ್ಡವಾಗಿ ಕಲ್ಲಿನ ಬದು ಹಾಕಲು ಶುರು ಮಾಡಿದರು. ಮೂರು ಬದು ಇಬ್ಬರೂ ಸೇರಿ ಕಟ್ಟಿದ್ದು. ಆಮೇಲೆ ಗಂಡನ ಎದೆಯಲ್ಲಿ ಕಲ್ಲಿನ ಧೂಳು ಕೂತು, ಕೆಮ್ಮಿ ಕೆಮ್ಮಿ ಅವನು ಹೋದ. ಉಳಿದ ನಾಲ್ಕು ಅವಳೊಬ್ಬಳೇ ಕಟ್ಟಿದ್ದು. ತಾಯಿ ಇಟ್ಟ ಹೆಸರು ಗುರುತಿನ ಚೀಟಿಯಲ್ಲಿ ಮಾತ್ರ ಉಳಿಯಿತು. ಜನರ ಬಾಯಿಗೆ ಬಂದದ್ದು ಕಲ್ಲಕ್ಕ.

ಬದು ಕಟ್ಟುವುದೆಂದರೆ ಇಷ್ಟೇ. ಹಳ್ಳದಲ್ಲಿ ಬಿಸಾಡಿದ ಕಲ್ಲು ಆರಿಸು. ತಲೆಗೆ ಸಿಂಬಿ ಇಡು. ಕಲ್ಲು ಹೊರು. ಗುಡ್ಡ ಹತ್ತು. ಮೊಣಕಾಲುದ್ದ ಅಗೆ. ದೊಡ್ಡದು ಕೆಳಗೆ, ಸಣ್ಣದು ಸಂದಿಗೆ. ಇಳಿ. ಮತ್ತೆ ಹೊರು. ಉಗುರು ಕಪ್ಪಾಗಿ ಬೀಳುತ್ತದೆ, ಹೊಸದು ಬರುತ್ತದೆ, ಅದೂ ಬೀಳುತ್ತದೆ. ಹನ್ನೊಂದು ವರ್ಷ ಹೀಗೆ ಮಾಡಿದರೆ ಬದುವಿನ ಹಿಂದೆ ಮೊಳದುದ್ದ ಮಣ್ಣು ನಿಲ್ಲುತ್ತದೆ. ಈಗ ಅಲ್ಲಿ ಮೆಕ್ಕೆಜೋಳ ಬೆಳೆಯುತ್ತಿತ್ತು, ಕುಂಬಳದ ಬಳ್ಳಿ ಹಬ್ಬುತ್ತಿತ್ತು, ಅತ್ತೆ ಸೊಸೆ ಇಬ್ಬರೂ ಹೊಟ್ಟೆತುಂಬ ಉಣ್ಣುತ್ತಿದ್ದರು.

ತೊಂದರೆ ಇದ್ದದ್ದು ಏಳನೆಯದರಲ್ಲಿ. ಅದು ಎಲ್ಲಕ್ಕಿಂತ ಕೆಳಗಿನದು, ಎಲ್ಲಕ್ಕಿಂತ ಎತ್ತರದ್ದು. ಮೇಲಿನ ಆರು ದಾಟಿ ಬಂದ ನೀರೆಲ್ಲ ಅಲ್ಲಿ ಸೇರುತ್ತಿತ್ತು. ಹೆಚ್ಚಾದ ನೀರು ಬದುವನ್ನು ಮುರಿಯದೆ ಹೊರಗೆ ಹೋಗಲು ಒಂದು ಗಟ್ಟಿ ದಾರಿ ಬೇಕು. ಅದೇ ಕೋಡಿ. ಬರೀ ಕಲ್ಲು ಮಣ್ಣಿನಲ್ಲಿ ಅದು ನಿಲ್ಲದು, ಸಿಮೆಂಟು ಬೇಕು. ಹೋದ ಮಳೆಗಾಲದಲ್ಲಿ ಬದು ಒಂದು ಕಡೆ ಉಬ್ಬಿ ನಿಂತಿತ್ತು. ಇನ್ನೊಂದು ದೊಡ್ಡ ಮಳೆ ಬಂದರೆ ಏಳನೆಯದು ಹೋಗುತ್ತದೆ, ಅದು ಹೋದರೆ ಆರನೆಯದರ ಬುಡ ಕೊರೆಯುತ್ತದೆ, ಆಮೇಲೆ ಐದನೆಯದು. ಹನ್ನೊಂದು ವರ್ಷ ಒಂದೇ ಮಧ್ಯಾಹ್ನದಲ್ಲಿ ಹಳ್ಳಕ್ಕೆ ಇಳಿಯುತ್ತದೆ.

ನೆರವು ಎಲ್ಲಿದೆ ಎಂದು ಹುಡುಕುವುದೇ ಒಂದು ಬೇಸಾಯ. 'ರೈತರೇ, ನಿಮ್ಮ ನೆರವಿಗೆ ನಾವಿದ್ದೇವೆ' ಎಂದು ಊರಿನ ಗೋಡೆಗಳ ಮೇಲೆಲ್ಲ ಬರೆದಿತ್ತು. ಯಾವ ಗೋಡೆಯ ಹಿಂದೆ ಇದ್ದೇವೆ ಎಂದು ಮಾತ್ರ ಬರೆದಿರಲಿಲ್ಲ. ಕೃಷಿ ಕಚೇರಿಯವರು "ಬೆಳೆ ನಮ್ಮದು, ಕಲ್ಲು ನಮಗೆ ಬರಲ್ಲ" ಎಂದರು. ನೀರಾವರಿಯವರು "ನೀರು ಕಾಲುವೆಯಲ್ಲಿದ್ರೆ ನಮ್ಮದು, ಗುಡ್ಡದಲ್ಲಿದ್ರೆ ದೇವರದು" ಎಂದರು. ಅರಣ್ಯದವರು "ಮರ ಇದೆಯಾ?" ಎಂದು ಕೇಳಿದರು. ಇಲ್ಲ ಎಂದಳು. "ಹಾಗಾದ್ರೆ ನಮ್ಮದಲ್ಲ." ಇದ್ದಿದ್ದರೆ? "ಹಾಗಾದ್ರೆ ನಿನ್ನದಲ್ಲ." ಹೀಗೆ ನಾಲ್ಕು ದಿನದ ಕೂಲಿ ಕಳೆದುಕೊಂಡು, ಐದನೆಯ ದಿನ ಈ ಹಾಲುಬಣ್ಣದ ನೆಲಕ್ಕೆ ಬಂದು ಮುಟ್ಟಿದ್ದಳು.

ನೆಲ ಒರೆಸಿದ ಮೇಲೆ ಗುಮಾಸ್ತ ಅರ್ಜಿ ಕೊಟ್ಟ. ಅವನೇ ತುಂಬಿದ, ಅವಳು ಹೆಬ್ಬೆಟ್ಟು ಒತ್ತಿದಳು. ಒತ್ತಿದ್ದು ಸರಿಯಾಗಿ ಮೂಡಲಿಲ್ಲ. ಬೆರಳಿನ ಗೆರೆಗಳು ಕಲ್ಲಿಗೆ ಸವೆದು ಹೋಗಿದ್ದವು.

"ನಿನಗೆ ಬೆರಳೇ ಇಲ್ವಲ್ಲಮ್ಮಾ" ಎಂದ.

"ಬದುವಿನಲ್ಲಿದೆ ಸಾರ್. ಬಂದು ನೋಡಿ."

"ಮಾತಿಗೇನೂ ಕಮ್ಮಿ ಇಲ್ಲ. ಮಣ್ಣಿನ ಪರೀಕ್ಷೆ ಆಗ್ಬೇಕು. ನಿನ್ನ ಜಮೀನಿನ ಮಣ್ಣು ಒಂದು ಚೀಲ ತಗೊಂಡು ಬಾ. ಪರೀಕ್ಷೆಯಲ್ಲಿ ಏನು ಬರುತ್ತೋ ಅದರ ಮೇಲೆ ನೆರವು."

ಅವಳ ಎದೆ ಹಗುರಾಯಿತು. ಪರೀಕ್ಷೆ ಎಂದರೆ ಅವಳಿಗೂ ಗೊತ್ತು. ಚೆನ್ನಾಗಿದ್ದವರು ಪಾಸು.

ಮನೆಗೆ ಬಂದು ಅತ್ತೆಗೆ ಹೇಳಿದಳು. ಅತ್ತೆಗೆ ಕಣ್ಣು ಮಂಜು, ನಾಲಿಗೆ ಮಾತ್ರ ಸಾಣೆ ಹಿಡಿದ ಉಳಿ.

"ಎಲ್ಲಿಂದ ತೆಗೀತೀಯಾ?"

"ಏಳನೇ ಬದುವಿನ ಹತ್ರ. ಅಲ್ಲೇ ತಾನೇ ಕೋಡಿ ಬೇಕಿರೋದು?"

"ಅಯ್ಯೋ ಮಂಕೇ! ಅಲ್ಲಿ ಬರೀ ಗೊರಚಲು, ಕಲ್ಲುಹರಳು. ನಾಲ್ಕು ಜನ ದೊಡ್ಡವರು ಕೈಲಿ ಹಿಡಿದು ನೋಡೋ ಮಣ್ಣು. ಕಸ ತಗೊಂಡು ಹೋಗಿ ಮರ್ಯಾದೆ ಕಳೀಬೇಡ. ಎರಡನೇ ಬದುವಿನ ಹಿಂದಿಂದ ತೆಗಿ, ನನ್ನ ಮಗ ಮೊದಲು ಬೆಳೆ ಇಟ್ಟ ಜಾಗ."

ಇಬ್ಬರೂ ಸೇರಿ ತೆಗೆದರು. ಕಪ್ಪು ಮಣ್ಣು, ಹಿಡಿದರೆ ಉಂಡೆ, ಬಿಟ್ಟರೆ ಪುಡಿ. ಅತ್ತೆ ಹಿಟ್ಟಿನ ಜರಡಿಯನ್ನೇ ತಂದು ಜರಡಿ ಹಿಡಿದಳು. ಬೇರು ಆರಿಸಿದಳು. ಕಣ್ಣು ಕಾಣದಿದ್ದರೂ ಬೆರಳಲ್ಲೇ ಹರಳು ಹುಡುಕಿ ಎಸೆದಳು. ನೆರಳಲ್ಲಿ ಒಣಗಿಸಿದರು. ಹೊಸ ಬಟ್ಟೆಯ ತುಂಡಿನಲ್ಲಿ ಕಟ್ಟಿದರು. ಹೆಣ್ಣು ನೋಡಲು ಬರುತ್ತಾರೆಂದರೆ ಮಗಳಿಗೆ ಮಾಡುವ ಶೃಂಗಾರವನ್ನೆಲ್ಲ ಆ ಒಂದು ಚೀಲ ಮಣ್ಣಿಗೆ ಮಾಡಿದರು.

ಅದೇ ವಾರ ಊರಿನ ಬಂಗಲೆ ಯಜಮಾನನೂ ಕಚೇರಿಗೆ ಮಣ್ಣು ಕೊಟ್ಟ. ಗುಡ್ಡದ ಇನ್ನೊಂದು ಮಗ್ಗುಲೆಲ್ಲ ಅವನದು. ಮರ ಕಡಿದು ಮಾರಿ, ಮಣ್ಣು ಕೊಚ್ಚಿಹೋಗಿ, ಈಗ ಅಲ್ಲಿ ಆಳುದ್ದದ ಕೊರಕಲುಗಳಿದ್ದವು. ಅವನು ಜರಡಿ ಹಿಡಿಯಲಿಲ್ಲ. ಆಳನ್ನು ಕಳಿಸಿ ಕೊರಕಲಿನ ತಳದ ಜಲ್ಲಿಯನ್ನು ಹಳೆ ಗೊಬ್ಬರದ ಚೀಲಕ್ಕೆ ತುಂಬಿಸಿದ. ಬುದ್ಧಿವಂತರ ಮನೆಯಲ್ಲಿ ಯಾವುದಕ್ಕೆ ಮುಖ ತೊಳೆಸಬೇಕು, ಯಾವುದಕ್ಕೆ ಮಸಿ ಬಳಿಯಬೇಕು ಎಂಬುದು ಹುಟ್ಟುತ್ತಲೇ ಗೊತ್ತಿರುತ್ತದೆ.

ತಿಂಗಳು ಕಳೆದು ಕರೆ ಬಂತು. ಈ ಸಲ ಕಲ್ಲಕ್ಕ ಬಾಗಿಲಲ್ಲೇ ಕಾಲು ತೊಳೆದು ಒಳಗೆ ಹೋದಳು. ಕಚೇರಿಯ ದೊಡ್ಡ ಕುರ್ಚಿಯಲ್ಲಿ ಕೂರುವವರನ್ನು ಎಲ್ಲರೂ ಮಣ್ಣುಸಾಹೇಬರು ಎನ್ನುತ್ತಿದ್ದರು. ಅವರು ಕಾಗದ ಓದಿ, ಕನ್ನಡಕ ತೆಗೆದು, ಅವಳನ್ನು ಮೇಲಿಂದ ಕೆಳಗೆ ನೋಡಿದರು.

"ನಿಮ್ಮ ಮಣ್ಣು ಅತ್ಯುತ್ತಮ. ಈ ಸೀಮೆಯಲ್ಲೇ ಇಂಥ ಮಣ್ಣು ನಾನು ನೋಡಿಲ್ಲ."

ಕಲ್ಲಕ್ಕ ಕಾಗದದ ಮೊಹರನ್ನೇ ನೋಡಿದಳು. ಇಷ್ಟು ವರ್ಷದಲ್ಲಿ ಅವಳು ಮಾಡಿದ ಕೆಲಸವನ್ನು ಯಾರೂ ಉತ್ತಮ ಎಂದಿರಲಿಲ್ಲ, ಅದೂ ಮೊಹರು ಹಾಕಿ. ಗಂಡ ಇದ್ದಿದ್ದರೆ ಎಂದುಕೊಂಡಳು.

"ಹಾಗಾದ್ರೆ ಕೋಡಿ ಯಾವಾಗ ಸಾಹೇಬ್ರೇ?"

"ಕೋಡಿ ಎಲ್ಲಿಂದ ಬರುತ್ತೆ? ನೆರವು ಹಾಳಾದ ಭೂಮಿಗೆ. ನಿಮ್ಮದು ಹಾಳಾಗಿಲ್ವಲ್ಲ."

"ಹಾಳಾಗಬಾರದು ಅಂತಾನೇ ಕೇಳ್ತಿರೋದು."

"ಅದೇ ಹೇಳ್ತಿದೀನಿ. ಮೊದಲು ಹಾಳಾಗ್ಬೇಕು. ಆಮೇಲೆ ಸಂರಕ್ಷಣೆ."

ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವವರನ್ನು ಕಂಡಿದ್ದಳು. ಬಾವಿ ಬೇಕೆಂದರೆ ಮೊದಲು ಬೆಂಕಿ ಹಚ್ಚು ಎನ್ನುವವರನ್ನು ಇದೇ ಮೊದಲು ಕಂಡದ್ದು. ಸಾಹೇಬರಿಗೆ ಅಯ್ಯೋ ಅನಿಸಿರಬೇಕು. ಕೆಟ್ಟ ಮನುಷ್ಯರಲ್ಲ ಅವರು. ದನಿ ಇಳಿಸಿ ಮುಂದಕ್ಕೆ ಬಗ್ಗಿದರು.

"ನೋಡಿ, ನಿಮ್ಮ ಒಳ್ಳೇದಕ್ಕೆ ಹೇಳ್ತೀನಿ. ಒಂದು ಬದು ಒಡೆದುಬಿಡಿ. ಒಂದೇ ಒಂದು. ಮಣ್ಣು ಸ್ವಲ್ಪ ಕೊಚ್ಚಿಹೋಗ್ಲಿ. ಫೋಟೋ ತೆಗೆಸಿ ಅರ್ಜಿ ಜೊತೆ ಇಡಿ. ನಾನು ಸಹಿ ಹಾಕ್ತೀನಿ. ಆಮೇಲೆ ಮತ್ತೆ ಕಟ್ಕೊಳ್ಳೋದು, ನಿಮಗೇನು ಹೊಸದಾ?"

ನಿಮಗೇನು ಹೊಸದಾ. ಕತ್ತೆಗೆ ಮೂಟೆ ಹೊಸದಾ ಎಂದ ಹಾಗೆ.

"ನಾನು ಒಡೆಯಲ್ಲ" ಎಂದಳು.

"ಯೋಚನೆ ಮಾಡಿ."

"ಮಾಡಿದೆ. ನೀವೇ ಬಂದು ಒಡೀರಿ. ಹಾರೆ ನಾನು ಕೊಡ್ತೀನಿ. ಒಂದೇ ಒಂದು ಕಲ್ಲು ಎತ್ತಿ ಪಕ್ಕಕ್ಕಿಡಿ ಸಾಹೇಬ್ರೇ. ಆಮೇಲೆ ಹೊಸದೋ ಹಳೇದೋ ಮಾತಾಡೋಣ."

ಗುಮಾಸ್ತ "ಏಯ್" ಎಂದ. ಅವಳು ಅಷ್ಟರಲ್ಲಿ ಹೊರಗಿದ್ದಳು.

ಬಂಗಲೆ ಯಜಮಾನನ ಮಣ್ಣು ಪರೀಕ್ಷೆಯಲ್ಲಿ ಪೂರಾ ಫೇಲಾಗಿತ್ತು. ಆದ್ದರಿಂದ ಅವನಿಗೆ ಎಲ್ಲವೂ ಬಂತು. ಸಿಮೆಂಟು ಬಂತು, ಮರಳು ಬಂತು, ಸಸಿ ಬಂತು, ಬದು ಕಟ್ಟಲು ಕೂಲಿಯ ಆದೇಶ ಬಂತು. ಬದು ಕಟ್ಟುವುದು ಯಾರಿಗೆ ಗೊತ್ತು? ಕಲ್ಲುಕೇರಿಯವರಿಗೆ. ಕಲ್ಲಕ್ಕನೂ ಹೋದಳು. ಕೂಲಿ ಬಿಟ್ಟರೆ ಅತ್ತೆಯ ಔಷಧಿ ನಿಲ್ಲುತ್ತಿತ್ತು. ಹಗಲೆಲ್ಲ ಅವನ ಕೊರಕಲಿಗೆ ಕಲ್ಲು ಹೊತ್ತಳು. ರಸ್ತೆಗೆ ಕಾಣುವಷ್ಟು ದೂರ ಕಟ್ಟಿದ ಮೇಲೆ ಯಜಮಾನ "ಸಾಕು" ಎಂದ. ರಸ್ತೆಗೆ ಕಾಣದ ಕಡೆ ಮಣ್ಣು ಕೊಚ್ಚಿಹೋದರೆ ಯಾರಿಗೆ ನಷ್ಟ? ಕಾಣುವ ಬದುವಿಗೆ ಒಂದು ಚೆಂದದ ಕೋಡಿಯನ್ನೂ ಕಟ್ಟಿಸಿದ. ಅದರ ಮೇಲೆ ಹರಿಯಲು ನೀರು ಬರುವ ದಾರಿಯೇ ಇರಲಿಲ್ಲ. ಆ ಸಿಮೆಂಟನ್ನು ಕಲಸಿದ್ದು, ಹೊತ್ತದ್ದು, ಬಳಿದದ್ದು ಕಲ್ಲಕ್ಕನ ಕೈ. ಅಂಗೈ ಬೆಂದು ಬಿರಿಯಿತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಆ ಕೈಯೂ ಆ ಬಾಯಿಯೂ ಒಬ್ಬರದೇ ಎಂದು ಗಾದೆ ಕಟ್ಟಿದವನು ಎಲ್ಲೂ ಹೇಳಿಲ್ಲ.

"ನಿನ್ನ ತಪ್ಪೇ ಕಣೇ" ಎಂದ ಯಜಮಾನ, ನೆರಳಲ್ಲಿ ಕೂತು. "ಅಷ್ಟು ಚೆನ್ನಾಗಿ ಯಾಕೆ ಕಾಪಾಡೋಕೆ ಹೋದೆ?"

ಮಳೆ ಹತ್ತಿರವಾಯಿತು. ಉಬ್ಬಿದ ಏಳನೇ ಬದುವಿಗೆ ಅವಳು ಬೀಳದಂತೆ ಮರದ ಊರೆ ಕೊಟ್ಟಳು. ಊರೆ ಸಾಲದು ಎಂದು ಅವಳಿಗೇ ಗೊತ್ತಿತ್ತು. ಸಂಜೆ ಹೊತ್ತು ಮೋಡ ಕಪ್ಪಾದರೆ ಅತ್ತೆ ಬಾಗಿಲಲ್ಲಿ ಕೂತು ಮಳೆಗೆ ಬೈಯುತ್ತಿದ್ದಳು. ಕಲ್ಲಕ್ಕ ಬೈಯುತ್ತಿರಲಿಲ್ಲ. ಅವಳಿಗೆ ಹೆದರಿಕೆಯಾಗುತ್ತಿತ್ತು.

ಅಂಥ ಒಂದು ದಿನ ಮಧ್ಯಾಹ್ನ ಗುಡ್ಡದ ಬುಡಕ್ಕೆ ಕಚೇರಿಯ ಟೆಂಪೋ ಬಂತು. ಗುಮಾಸ್ತ ಇಳಿದ. ಹಿಂದಿನಿಂದ ಐದು ಮೂಟೆ ಸಿಮೆಂಟು, ಒಂದು ರಾಶಿ ಮರಳು, ಜಲ್ಲಿ ಇಳಿಸಿದರು. ಕಲ್ಲಕ್ಕ ಹಾರೆ ಬಿಟ್ಟು ಓಡಿ ಬಂದಳು. ಕೊನೆಗೂ ಯಾರಿಗೋ ಬುದ್ಧಿ ಬಂತು ಎಂದುಕೊಂಡಳು.

"ಕೋಡಿಗಾ ಸಾರ್?"

"ಬೋರ್ಡಿಗೆ."

ಟೆಂಪೋದಿಂದ ಕೊನೆಗೆ ಇಳಿದದ್ದು ಬೋರ್ಡು. ದಪ್ಪ ಕಬ್ಬಿಣದ ತಗಡು, ಸುತ್ತ ಕಬ್ಬಿಣದ ಚೌಕಟ್ಟು, ಇಬ್ಬರು ಮಲಗುವಷ್ಟು ದೊಡ್ಡದು. ಗುಮಾಸ್ತನೇ ಓದಿ ಹೇಳಿದ. 'ಮಾದರಿ ಇಳಿಜಾರು. ಇಲಾಖೆಯ ವತಿಯಿಂದ ನಿರ್ಮಿಸಿ ಸಂರಕ್ಷಿಸಲಾದ ಏಳು ಬದುಗಳು.' ಕೆಳಗೆ ಮಣ್ಣುಸಾಹೇಬರ ಹೆಸರು, ಅದರ ಕೆಳಗೆ ಇನ್ನೂ ಆರು ಹೆಸರು. ಮೇಲಿನ ಕಚೇರಿಯಿಂದ ದೊಡ್ಡ ಮೇಡಂ ಪರಿಶೀಲನೆಗೆ ಬರುತ್ತಾರಂತೆ. ಬಂಗಲೆಯವರ ಸಸಿಗಳೆಲ್ಲ ಒಣಗಿ ಕಡ್ಡಿಯಾಗಿದ್ದವು, ತೋರಿಸುವ ಹಾಗಿರಲಿಲ್ಲ. ಆಗ ಸಾಹೇಬರಿಗೆ 'ಅತ್ಯುತ್ತಮ' ಎಂಬ ಕಾಗದ ನೆನಪಾಗಿದೆ.

"ಇನ್ನು ಹತ್ತು ದಿನಕ್ಕೆ ಬರ್ತಾರೆ" ಎಂದ ಗುಮಾಸ್ತ. "ನಿಮ್ಮ ಕೇರಿಯವರೇ ಸೇರಿ ಈ ಏಳನೇ ಬದುವಿನ ಹತ್ರ ಬೋರ್ಡು ಹಾಕಿಬಿಡಿ. ಗಟ್ಟಿಯಾಗಿ ಹಾಕ್ಬೇಕು. ಎಂಥ ನೀರು ಬಂದ್ರೂ ಅಲ್ಲಾಡಬಾರದು. ಗೊತ್ತಾಯ್ತಾ?"

"ಗೊತ್ತಾಯ್ತು ಸಾರ್."

"ಆಮೇಲೆ, ಅವತ್ತು ಒಗೆದ ಬಟ್ಟೆ ಹಾಕ್ಕೊಂಡು ಸ್ವಲ್ಪ ದೂರ ನಿಂತಿರು. ಮೇಡಂ ಕೇಳಿದ್ರೆ ಕೂಲಿಗೆ ಬಂದಿದೀನಿ ಅನ್ನು."

ಸ್ವಂತ ಮಣ್ಣಿನಲ್ಲಿ ನಿಂತು ಕೂಲಿಯವಳಾಗಬೇಕಂತೆ. ಟೆಂಪೋ ಹೋಗುವ ತನಕ ಸಿಮೆಂಟಿನ ಮೂಟೆಗಳನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಕೇರಿಗೆ ಹೋಗಿ ನಾಲ್ಕು ಜನ ಹೆಂಗಸರನ್ನು ಕರೆದಳು.

"ಸರ್ಕಾರದ ಕೆಲಸ ಇದೆ ಬನ್ರೇ. ಅವರು ಹೇಳಿದ ಹಾಗೇ ಮಾಡೋಣ. ಒಂದಕ್ಷರ ಆಚೀಚೆ ಆಗಬಾರದು."

ಮೂರು ದಿನ ಕೆಲಸ ನಡೆಯಿತು. ಉಬ್ಬಿದ್ದ ಕಡೆ ಬಿಚ್ಚಿ, ಅಡಿಪಾಯ ಸೊಂಟದುದ್ದ ತೋಡಿದರು. ದೊಡ್ಡ ಕಲ್ಲು ಐವರೂ ಸೇರಿ ಹಾರೆಯಲ್ಲಿ ಮೀಟಿ ಉರುಳಿಸಿದರು. ಒಬ್ಬಳ ಕಾಲಬೆರಳು ಜಜ್ಜಿತು. ಬಟ್ಟೆ ಸುತ್ತಿಕೊಂಡು ಮತ್ತೆ ಬಂದಳು. ಎರಡೂ ಬದಿಗೆ ಕಲ್ಲಿನ ಗೋಡೆ, ನಡುವೆ ನೀರಿನ ದಾರಿ, ಸಂದಿಗೆಲ್ಲ ಸಿಮೆಂಟು. ಕೊನೆಗೆ ಆ ದಾರಿಯ ಮೇಲೆ ಕಬ್ಬಿಣದ ಬೋರ್ಡನ್ನು ಅಂಗಾತ ಮಲಗಿಸಿ, ನಾಲ್ಕೂ ಅಂಚು ಸಿಮೆಂಟಿನಲ್ಲಿ ಹೂತರು. ಅಕ್ಷರ ಆಕಾಶ ನೋಡುತ್ತಿತ್ತು. ನೀರು ಧುಮುಕುವಾಗ ಬುಡ ಕೊರೆಯದಂತೆ ಕೋಡಿಗೆ ಒಂದು ಗಟ್ಟಿ ಹಾಸು ಬೇಕು ಎಂದು ಕಲ್ಲಕ್ಕ ಯಾವಾಗಲೂ ಹೇಳುತ್ತಿದ್ದಳು. ಇಲಾಖೆಯೇ ಕಳಿಸಿಕೊಟ್ಟಿತ್ತು.

ಒಂಬತ್ತನೇ ದಿನ ಮಳೆ ಬಂತು. ಮಧ್ಯಾಹ್ನ ಶುರುವಾಗಿ ಸಂಜೆಯ ತನಕ ಬಿಡದೆ ಹೊಯ್ಯಿತು. ಕಲ್ಲಕ್ಕ ಗೋಣಿಚೀಲ ಹೊದ್ದು ಏಳನೇ ಬದುವಿನ ಮೇಲೇ ನಿಂತಳು. ನೀರು ಏರಿತು. ಬದುವಿನ ಅಂಚಿಗೆ ಒಂದು ಗೇಣು ಉಳಿಯಿತು. ಆಮೇಲೆ ಕೋಡಿ ಹರಿಯಿತು. ಸಾಹೇಬರ ಹೆಸರಿನ ಮೇಲೆ, ಆರು ಹೆಸರುಗಳ ಮೇಲೆ ಕೆಂಪು ನೀರು ಧೋ ಎಂದು ಇಳಿಯಿತು. ಬದು ಅಲ್ಲಾಡಲಿಲ್ಲ. ಅವಳು ಅಲ್ಲೇ ಕೂತು ಅತ್ತಳು. ಮಳೆಯಲ್ಲಿ ಅತ್ತರೆ ಅದೊಂದು ಅನುಕೂಲ, ಯಾರಿಗೂ ಲೆಕ್ಕ ಕೊಡಬೇಕಿಲ್ಲ.

ಮರುದಿನ ಬೆಳಿಗ್ಗೆ ಜೀಪು ಬಂತು. ಮೇಡಂ, ಮಣ್ಣುಸಾಹೇಬರು, ಗುಮಾಸ್ತ, ಜೊತೆಗೆ ಕರೆಯದೆ ಬಂದ ಬಂಗಲೆ ಯಜಮಾನ. ಹೊಳೆಯುವ ಬೂಟುಗಳಲ್ಲಿ ಹಸಿ ಮಣ್ಣು ತುಳಿಯುತ್ತ ಹತ್ತಿದರು. ಮೇಡಂ ಏಳೂ ಬದು ನೋಡಿ "ಅದ್ಭುತ" ಎಂದರು. ಸಾಹೇಬರು ತಾವೇ ಕಲ್ಲು ಹೊತ್ತವರಂತೆ ಬೆವರು ಒರೆಸಿಕೊಂಡರು.

"ಬೋರ್ಡ್ ಎಲ್ಲಿ?" ಎಂದರು ಮೇಡಂ.

ಗುಮಾಸ್ತ ಸುತ್ತ ನೋಡಿದ. ಕಲ್ಲಕ್ಕ ದೂರದಿಂದ ಹತ್ತಿರ ಬಂದು ಕೋಡಿಯನ್ನು ತೋರಿಸಿದಳು. ಬೋರ್ಡಿನ ಮೇಲೆ ಇನ್ನೂ ತೆಳ್ಳಗೆ ನೀರು ಹರಿಯುತ್ತಿತ್ತು.

"ಬಗ್ಗಿ ನೋಡಿ ಮೇಡಂ. ಬಗ್ಗದೆ ಓದೋಕಾಗಲ್ಲ."

ಮೇಡಂ ಬಗ್ಗಿದರು. ಅವರು ಬಗ್ಗಿದ ಮೇಲೆ ಸಾಹೇಬರೂ ಬಗ್ಗಿದರು, ಗುಮಾಸ್ತನೂ ಬಗ್ಗಿದ. ಬದುವಿನ ಮೇಲೆ ಕೂತಿದ್ದ ಅತ್ತೆಗೆ ಕಣ್ಣು ಮಂಜಾದರೂ ಇದು ಕಂಡಿತು. ಗಟ್ಟಿಯಾಗಿ ನಕ್ಕಳು.

"ಇದೇನಿದು?" ಸಾಹೇಬರ ಮುಖ ಕೆಂಪಾಯಿತು. "ನಿಲ್ಲಿಸೋ ಬೋರ್ಡನ್ನ ಮಲಗಿಸಿದೀರಾ?"

"ಎಂಥ ನೀರು ಬಂದ್ರೂ ಅಲ್ಲಾಡಬಾರದು ಅಂದ್ರು. ನಿನ್ನೆ ಇಡೀ ಮಳೆ ಇದರ ಮೇಲೇ ಹೋಯ್ತು. ಅಲ್ಲಾಡಿಲ್ಲ."

"ಇದು ಸರ್ಕಾರಿ ಸಿಮೆಂಟು! ಕೋಡಿಗೆ ಮಂಜೂರಾಗಿದ್ದಲ್ಲ!"

"ಏಳು ಬದುವನ್ನೂ ಇಲಾಖೆ ಕಟ್ಟಿದ್ದು ಅಂತ ಬರೆದಿದೀರಲ್ಲ ಸಾಹೇಬ್ರೇ. ನಿಮ್ಮ ಬದುವಿಗೇ ನಿಮ್ಮ ಸಿಮೆಂಟು ಹಾಕಿದೀನಿ. ಇಲ್ಲ, ಬದು ನಿನ್ನದು ಅಂತೀರಾ? ಹಾಗಾದ್ರೆ ಬೋರ್ಡು ಸುಳ್ಳು. ಎರಡರಲ್ಲಿ ಒಂದು ಹೇಳಿ, ಮೇಡಂ ಇಲ್ಲೇ ಇದಾರೆ."

ಮೇಡಂ ಗಡಿಯಾರ ನೋಡಿಕೊಂಡರು. ನ್ಯಾಯ ಹೇಳಲು ಬಂದವರಲ್ಲ ಅವರು, ಫೋಟೋಗೆ ಬಂದವರು. "ಇದನ್ನ ಕಿತ್ತು ನೆಟ್ಟಗೆ ಹಾಕ್ಸಿ" ಎಂದಷ್ಟೇ ಸಾಹೇಬರಿಗೆ ಹೇಳಿದರು.

ಕಲ್ಲಕ್ಕ ಹಾರೆ ತಂದು ಸಾಹೇಬರ ಮುಂದೆ ಹಿಡಿದಳು.

"ಕೀಳಿ. ಕಿತ್ರೆ ಬದು ಹೋಗುತ್ತೆ. ಹೋದ್ರೆ ಹಾಳಾದ ಭೂಮಿ. ಆಗ ನೆರವು ಕೊಡ್ತೀರಲ್ಲ? ನಾನು ಕೀಳಲ್ಲ. ನನ್ನ ಕೇರಿಯವರೂ ಕೀಳಲ್ಲ. ನೀವು ಕೀಳಿ."

ಬದುವಿನ ಮೇಲೆ ನಾಲ್ಕು ಹೆಂಗಸರು ಬಂದು ಕೂತಿದ್ದರು. ಸಾಹೇಬರು ಗುಮಾಸ್ತನನ್ನು ನೋಡಿದರು. ಗುಮಾಸ್ತ ಹಾರೆ ಹಿಡಿದು ನೋಡಿದ. ಅದರ ಭಾರಕ್ಕೆ ಅವನ ಕೈ ನೆಲಕ್ಕೆ ಇಳಿಯಿತು. ಮೆಲ್ಲಗೆ ಕೆಳಗಿಟ್ಟ. ಬಂಗಲೆ ಯಜಮಾನ ಅಷ್ಟರಲ್ಲಿ ಜೀಪಿನ ಹತ್ತಿರ ಇಳಿದುಬಿಟ್ಟಿದ್ದ. ಉಳಿದವರೂ ತಿರುಗಿದರು.

"ನಿಲ್ಲಿ ಅಲ್ಲೇ" ಎಂದಳು ಕಲ್ಲಕ್ಕ.

ನಿಂತರು. ಅವಳ ಕೈಯಲ್ಲಿ ಒಂದು ಹಳೆ ಬಟ್ಟೆಯಿತ್ತು.

"ಬೂಟಿಗೆ ನನ್ನ ಮಣ್ಣು ಅಂಟಿದೆ. ಒರೆಸಿ ಇಲ್ಲೇ ಬಿಟ್ಟು ಹೋಗಿ. ಹನ್ನೊಂದು ವರ್ಷ ಹಿಡಿದಿಟ್ಟಿದ್ದು. ಒಂದು ಚಿಟಿಕೆಯೂ ಆಚೆ ಹೋಗಲ್ಲ."

ಕಾಲುದಾರಿ ಒಂದೇ, ಅದರ ನಡುವೆ ಅವಳು ನಿಂತಿದ್ದಳು. ಮೊದಲು ಬಗ್ಗಿದವನು ಗುಮಾಸ್ತ. ತನ್ನದು ಒರೆಸಿದ, ಆಮೇಲೆ ಅಭ್ಯಾಸಬಲದಿಂದ ಸಾಹೇಬರದನ್ನು ಒರೆಸಲು ಹೋದ.

"ಅವರದು ಅವರೇ" ಎಂದಳು ಕಲ್ಲಕ್ಕ.

ಮಣ್ಣುಸಾಹೇಬರು ಕುಕ್ಕುರುಗಾಲಲ್ಲಿ ಕೂತು ಒರೆಸಿದರು. ಮೇಡಂ ನಿಂತೇ ಹುಲ್ಲಿಗೆ ಬೂಟು ತಿಕ್ಕಿದರು. ಅದೂ ಅವಳದೇ ಹುಲ್ಲು, ಆಗಲಿ ಎಂದು ಬಿಟ್ಟಳು. ಜೀಪು ಹೋಯಿತು. ನೋಟೀಸು ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಬರಲಿ. ಕೋಡಿ ಕೀಳಲು ಬರುವವನು ಹಾರೆ ಎತ್ತಬಲ್ಲವನಾಗಿರಬೇಕು, ಅಂಥವರೆಲ್ಲ ಇರುವುದು ಕಲ್ಲುಕೇರಿಯಲ್ಲೇ.

ಬಟ್ಟೆಯಲ್ಲಿ ಒಂದು ಹಿಡಿ ಮಣ್ಣಿತ್ತು. ಕಲ್ಲಕ್ಕ ಅದನ್ನು ಎರಡನೇ ಬದುವಿನ ಹಿಂದೆ ಕೊಡವಲು ಹೊರಟಳು. ಅತ್ತೆ ಕೂಗಿದಳು.

"ಹಾಗೇ ಹಾಕ್ಬೇಡ ಕಣೇ. ಜರಡಿ ಹಿಡಿದು ಹಾಕು. ಅವರ ಕಾಲಲ್ಲಿದ್ದದ್ದು, ಕಸ ಸೇರಿರುತ್ತೆ."